ಹಿಂಬಾಗಿಲು ನುಂಗಿದ ಅಗ್ನಿಮೂಲೆ

ಮಲೇಷ್ಯಾದ ಸುಬಾಂಗ್ ಜಯಾ ಊರಿನ ಸಾಲುಮನೆಗಳಲ್ಲಿ ಒಂದು ತಮಾಷೆ ಇದೆ. ಪಕ್ಕಪಕ್ಕದ ಎರಡು ಮನೆಗಳನ್ನು ಎಡಗೈ ಬಲಗೈ ಇದ್ದಂತೆ ಕಟ್ಟಿರುತ್ತಾರೆ. ಹೀಗಾಗಿ ಮೈಸೂರಿನಿಂದ ಬಂದ ಚಾಮುಂಡಿ ಎಂಬಾಕೆಯ ಒಲೆ ತಾನಾಗಿಯೇ ಅಗ್ನಿಮೂಲೆಗೆ, ಅಂದರೆ ಆಗ್ನೇಯಕ್ಕೆ ಬಂದಿತ್ತು. ಗೋಡೆಯಾಚೆ ಉಡುಪಿಯ ವೇದವತಿಯ ಒಲೆ ಮಾತ್ರ ನೈಋತ್ಯದಲ್ಲಿ. ವಾಸ್ತುವಿಗೆ ಅದು ಸಲ್ಲದು.

ವೇದವತಿಗೆ ಹೊಟ್ಟೆಕಿಚ್ಚು. ಮುಚ್ಚಿಡುವುದೇನು, ಚೆನ್ನಾಗಿಯೇ ಇತ್ತು. ಚಾಮುಂಡಿಯ ಗಂಡನಿಗೆ ಬಡ್ತಿ ಬಂದರೆ ಒಲೆ ಕಾರಣ. ಮಗಳು ಗಾನವಿಗೆ ಮೆಡಿಕಲ್ ಸೀಟು ಸಿಕ್ಕರೆ ಒಲೆ ಕಾರಣ. ಕುಂಡದ ಕರಿಬೇವು ಚಿಗುರಿದರೂ ಒಲೆಯೇ. ವೇದವತಿಯ ಗಂಡ ರತ್ನಾಕರ ಕಾಲೇಜಿನಲ್ಲಿ ಪಾಠ ಹೇಳುವವರು. ಮನೆಯಲ್ಲಿ ಅವರ ಪಾಠ ನಡೆಯುತ್ತಿರಲಿಲ್ಲ.

ಕಡೆಗೆ ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಂತೆ ಆಯಿತು. ಅವಳ ಮನೆಯ ಆಗ್ನೇಯದಲ್ಲಿ ಇದ್ದದ್ದು ಹಿಂಬಾಗಿಲು. ಅದನ್ನು ಮುಚ್ಚಿಸಿ, ಗೋಡೆಯನ್ನು ಹಿಂದಿನ ಓಣಿಯ ಚರಂಡಿಯ ಮೇಲಕ್ಕೆ ದಾಟಿಸಿ, ಅಲ್ಲಿ ಒಲೆ ಕೂರಿಸಿದಳು. ಪರ್ಮಿಟ್ ಬೇಡವೇ ಎಂದು ರತ್ನಾಕರ ಕೇಳಿದ್ದಕ್ಕೆ ಕಂಟ್ರಾಕ್ಟರ್, "ಎಲ್ಲರೂ ಹೀಗೇ ಮಾಡೋದು ಲಾ," ಎಂದು ಅಲ್ಲಿನ ಧಾಟಿಯಲ್ಲಿ ಹೇಳಿ ನಕ್ಕಿದ್ದ. ಹೊಸ ಅಡುಗೆಮನೆ ನೋಡಿ ಚಾಮುಂಡಿಯ ಮುಖ ಸಣ್ಣದಾಯಿತು. ಆ ವಾರವೆಲ್ಲ ವೇದವತಿಗೆ ಹಬ್ಬ.

ಹಬ್ಬ ಮುಗಿಸಿದ್ದು ನಗರಸಭೆಯ ನೋಟಿಸು. ಅನುಮತಿಯಿಲ್ಲದೆ ಕಟ್ಟಿದ್ದೀರಿ, ಓಣಿ ಒತ್ತುವರಿಯಾಗಿದೆ, ಗಡುವಿನೊಳಗೆ ಸರಿಪಡಿಸದಿದ್ದರೆ ನಾವೇ ಕೆಡವುತ್ತೇವೆ ಎಂದಿತ್ತು.

"ಇದು ಅವಳದ್ದೇ ಕೆಲಸ. ನನ್ನ ಒಲೆ ನೋಡ್ಲಿಕ್ಕೆ ಆಗ್ಲಿಲ್ಲ ಅವಳಿಗೆ," ಎನ್ನುತ್ತ ವೇದವತಿ ಪಕ್ಕದ ಮನೆಗೆ ನುಗ್ಗಿದಳು.

ಚಾಮುಂಡಿ ನೋಟಿಸು ಓದಿ, ಮಡಚಿ ವಾಪಸು ಕೊಟ್ಟಳು. "ದೂರು ಕೊಟ್ಟಿಲ್ಲ ರೀ. ಆದ್ರೆ ನಿಮ್ಮ ಅಡುಗೆಮನೆ ನೋಡಿ ನಂಗೂ ಹೊಟ್ಟೆ ಉರೀತು. ಪಕ್ಕದ್ಮನೆಯವ್ರು ಓಣಿವರ್ಗೂ ಕಟ್ಟಿದಾರೆ, ನಾವೂ ಕಟ್ಬಹುದಾ ಅಂತ ಕಟ್ಟಡ ವಿಭಾಗದ ಕೌಂಟರಲ್ಲಿ ಕೇಳ್ದೆ. ಅದಕ್ಕೇ ನೋಡೋಕೆ ಬಂದಿರ್ಬೇಕು."

ವೇದವತಿಗೆ ಸಿಟ್ಟು ಬಂತು. ಅದರ ಬೆನ್ನಿಗೇ, ನಿಜ ಹೇಳಬೇಕೆಂದರೆ, ಕೊಂಚ ಖುಷಿಯೂ ಆಯಿತು. ಚಾಮುಂಡಿಗೂ ತನ್ನ ಮೇಲೆ ಹೊಟ್ಟೆಕಿಚ್ಚಂತೆ.

"ಎಂತ ಹೇಳಿದ್ರು ಅವ್ರು?"

"ಆಗಲ್ಲ ಅಂದ್ರು. ಬೆಂಕಿ ಬಿದ್ದಾಗ ಜನ ಓಡೋಕೆ, ಅಗ್ನಿಶಾಮಕದವ್ರು ಬರೋಕೆ ಆ ಓಣಿ ಬೇಕಂತೆ. ಅಲ್ಲ ವೇದವತಿಯವ್ರೆ, ನಿಮ್ಮ ಅತ್ತೆ ಮಲಗೋದು ಹಿಂದಿನ ರೂಮಲ್ಲೇ ಅಲ್ವಾ? ಒಲೆ ಹತ್ರಾನೇ ಬೆಂಕಿ ಹತ್ಕೊಂಡ್ರೆ ಅವ್ರು ಹೇಗೆ ಹೊರಗೆ ಬರ್ತಾರೆ?"

ವೇದವತಿಯ ಅತ್ತೆ ರತ್ನಮ್ಮನವರಿಗೆ ಮಂಡಿನೋವು. ಗೋಡೆ ಹಿಡಿದು ನಡೆಯುವವರು. ಹಿಂಬಾಗಿಲು ಹೋಗಿದೆ, ಮುಂಬಾಗಿಲಿಗೆ ಬರಲು ಒಲೆಯ ಮುಂದೆಯೇ ಹಾಯಬೇಕು. ಒಲೆ ಕೂರಿಸುವಾಗ ಅವಳು ಇದನ್ನು ಯೋಚಿಸಿಯೇ ಇರಲಿಲ್ಲ.

"ಈಗ ಎಂತ ಮಾಡುದು ಮಾರಾಯ್ರೆ? ನೋಟಿಸು ಬಿಸಾಡಿ, ಯಾರಿಗಾದ್ರೂ ದುಡ್ಡು ಕೊಟ್ಟು ಮುಗಿಸುವ ಅಂತಾನೆ ಕಂಟ್ರಾಕ್ಟರ್."

"ಅದೊಂದು ಮಾಡ್ಬೇಡಿ. ಗಡುವಿಗೆ ಮುಂಚೇನೇ ಕಟ್ಟಡ ವಿಭಾಗಕ್ಕೆ ಹೋಗಿ. ಯಾವ್ದು ಕೆಡವ್ಬೇಕು, ಯಾವ್ದಕ್ಕೆ ಈಗ್ಲೂ ಅನುಮತಿ ಸಿಗುತ್ತೆ ಅಂತ ಕೇಳಿ. ನೋಂದಾಯಿತ ಆರ್ಕಿಟೆಕ್ಟ್ ಕೈಲಿ ನಕ್ಷೆ ಮಾಡ್ಸಿ ಕೊಡಿ. ಟೈಮ್ ಸಾಲ್ದಿದ್ರೆ ಬರೆದು ಕೇಳ್ಕೊಳ್ಳಿ. ನಮ್ಮ ಕಾರ್ ಪೋರ್ಚ್‌ಗೂ ನೋಟಿಸ್ ಬಂದಿತ್ತು, ಹೀಗೇ ಸರಿಮಾಡ್ಕೊಂಡ್ವಿ. ನಾಳೆ ನಾನೂ ಬರ್ತೀನಿ ನಡೀರಿ."

ಇಬ್ಬರೂ ಹೋದರು. ಓಣಿಗೆ ದಾಟಿದ್ದ ಗೋಡೆ ಬಿತ್ತು. ತಮ್ಮ ಜಾಗದೊಳಗೇ ಮಾಡಿದ್ದ ಮಾರ್ಪಾಡಿಗೆ ರತ್ನಾಕರ ನಕ್ಷೆ ಕೊಟ್ಟು ಅನುಮತಿ ಪಡೆದರು. ಅಧಿಕಾರಿ ಮತ್ತೆ ಬಂದು ನೋಡಿದ ಮೇಲೆ, ನೋಟಿಸು ಮುಗಿದಿದೆ ಎಂದು ಬರೆಸಿಕೊಂಡರು. ಒಲೆ ನೈಋತ್ಯಕ್ಕೇ ಮರಳಿತು.

ಹಿಂಬಾಗಿಲು ತೆರೆದ ದಿನ ರತ್ನಮ್ಮ ತಾವೇ ಮೆಲ್ಲಗೆ ನಡೆದು ಓಣಿಯಲ್ಲಿ ಹೋಗಿ ನಿಂತರು. "ಇಲ್ಲಿ ಗಾಳಿ ಒಳ್ಳೆ ಬರ್ತದೆ ಮಗಾ," ಎಂದರು. ವೇದವತಿಯ ಹೊಟ್ಟೆಕಿಚ್ಚು ಪೂರ್ತಿ ಹೋಗಿಲ್ಲ. ಆದರೆ ಅತ್ತೆ ಹಾದುಹೋದ ಆ ಬಾಗಿಲಿಗೆ ಅಡ್ಡವಾಗಿ ಒಲೆ ಇಡಲು ಇನ್ನು ಅವಳಿಗೆ ಮನಸ್ಸು ಬರುವುದಿಲ್ಲ.

ಓದುವ ಅಕ್ಕಂದಿರೇ, ಅಣ್ಣಂದಿರೇ, ಪಕ್ಕದವರನ್ನು ನೋಡಿ ಗೋಡೆ ಎಬ್ಬಿಸಬೇಡಿ. ಮೊದಲು ಅನುಮತಿ ಕೇಳಿ. ನೋಟಿಸು ಬಂದಿದ್ದರೆ ಬಚ್ಚಿಡಬೇಡಿ, ಗಡುವಿನೊಳಗೆ ನೀವೇ ಕಚೇರಿಗೆ ಹೋಗಿ. ಇದನ್ನು ಓದಿದ ಮೇಲೆ ಒಮ್ಮೆ ಎದ್ದು ನಿಮ್ಮ ಮನೆಯ ಹಿಂಬಾಗಿಲು ತೆರೆದು ನೋಡಿ. ನಡೆಯಲಾರದ ಹಿರಿಯರು ಅಲ್ಲಿಂದ ಹೊರಗೆ ಬರಬಲ್ಲರೇ?