ಪರದೆಯಲ್ಲಿ ಆರರಲ್ಲೊಂದು ಪಾಲು

ಟೀವಿ ಕಂಡಲ್ಲೆಲ್ಲ ಅವರು ಕೋಟಿನ ಕಿಸೆಯಿಂದ ಅಡಿಪಟ್ಟಿ ತೆಗೆಯುತ್ತಿದ್ದರು. ಕ್ಷೌರದಂಗಡಿಯಾಗಲಿ, ಆಸ್ಪತ್ರೆಯ ಮೊಗಸಾಲೆಯಾಗಲಿ, ನೆಂಟರ ನಡುಮನೆಯಾಗಲಿ, ವಾರ್ತೆ ಶುರುವಾಯಿತೆಂದರೆ ಎದ್ದು ಹೋಗಿ, ಪರದೆಯ ಮೂಲೆಯಲ್ಲಿ ಸನ್ನೆಭಾಷೆಯಲ್ಲಿ ಸುದ್ದಿ ಹೇಳುವಾಕೆಯ ಚೌಕಟ್ಟಿಗೆ ಪಟ್ಟಿ ಹಿಡಿದು, ಅಗಲ ಎತ್ತರ ಬರೆದುಕೊಂಡು, ಏನೂ ಆಗದವರಂತೆ ಬಂದು ಕೂರುವರು. ಪ್ರಸಾರ ನಿಯಂತ್ರಣ ಕಚೇರಿಯಲ್ಲಿ ನಿಯಮಗಳ ಕರಡು ಬರೆಯುವುದು ಅವರ ವೃತ್ತಿ. ಹನ್ನೊಂದು ವರ್ಷ ನನ್ನ ಮೇಜು ಅವರ ಮೇಜಿಗೆ ಒತ್ತಿಕೊಂಡೇ ಇತ್ತು. ಬೆನ್ನ ಹಿಂದೆ ನಾವು ಅವರನ್ನು ಅಡಿಪಟ್ಟಿ ಸಾಹೇಬರು ಎನ್ನುತ್ತಿದ್ದೆವು. ಅವರಿಗೂ ಅದು ಗೊತ್ತಿತ್ತು. ಒಳಗೊಳಗೇ ಒಂದಿಷ್ಟು ಹೆಮ್ಮೆಯೂ ಇತ್ತೆಂದು ನನ್ನ ಗುಮಾನಿ.

ಕುಳ್ಳನೆಯ ಆಸಾಮಿ. ಮೊಣಕೈ ಸವೆದ ಕಂದು ಕೋಟು, ಎಡಕ್ಕೆ ವಾಲುವ ಅವಸರದ ನಡಿಗೆ. ಮಾತಾಡುವಾಗ ಮುಖವನ್ನು ಎದುರಿನವರಿಗೆ ನೇರವಾಗಿ ಹಿಡಿದು, ಒಂದೊಂದು ಅಕ್ಷರವನ್ನೂ ತುಟಿಯಲ್ಲಿ ತಿದ್ದಿ ತೀಡಿ ಬಿಡುವರು. ಹೊಸಬರಿಗೆ ಅದು ಜಂಬವೆನಿಸುತ್ತಿತ್ತು. ಆ ಅಭ್ಯಾಸದ ಮೂಲ ಅವರ ಅಕ್ಕ. ಹುಟ್ಟಿನಿಂದ ಕಿವಿ ಕೇಳದ ಆಕೆ ಹೊಲಿಗೆ ಮಾಡಿ ತಮ್ಮನನ್ನು ಓದಿಸಿದವರು.

ಒಮ್ಮೆ ಊರಂಚಿನ ಕಾರ್ಖಾನೆಯಿಂದ ವಿಷಾನಿಲ ಸೋರಿತು. ಕಿಟಕಿ ಮುಚ್ಚಿ, ಹೊರಗೆ ಬರಬೇಡಿ ಎಂದು ವಾಹಿನಿಗಳೆಲ್ಲ ಗಂಟಲು ಹರಿದುಕೊಂಡವು. ಅಕ್ಕ ಟೀವಿಯ ಮುಂದೆಯೇ ಇದ್ದರು. ಸನ್ನೆಯವಳ ಚೌಕಟ್ಟು ಅಂಚೆಚೀಟಿಯಷ್ಟಿತ್ತು. ಅದರ ಮೇಲೂ ಜಾಹೀರಾತು ಹರಿಯುತ್ತಿತ್ತು. ಮತ್ತೇನೋ ರಾಜಕೀಯದ ಗಲಾಟೆಯಿರಬೇಕೆಂದು ಆಕೆ ಒಣಗಿದ ಬಟ್ಟೆ ತರಲು ತಾರಸಿಗೆ ಹೋದರು. ಜೀವ ಉಳಿಯಿತು, ಉಸಿರು ಮಾತ್ರ ಮೊದಲಿನಂತಾಗಲಿಲ್ಲ. ಆ ವಾರವೇ ಸಾಹೇಬರು ಅಡಿಪಟ್ಟಿ ಕೊಂಡರು.

ಎರಡು ವರ್ಷ ಅಳೆದು ಬರೆದ ಕರಡು ಇಷ್ಟೇ: ಸನ್ನೆಯ ಚೌಕಟ್ಟು ಪರದೆಯ ಆರರಲ್ಲೊಂದು ಪಾಲಿಗಿಂತ ಕಡಿಮೆಯಿರಕೂಡದು, ಅದರ ಮೇಲೆ ಏನೂ ಹರಿಯಕೂಡದು. ವಿಚಾರಣೆಯ ದಿನ ವಾಹಿನಿಯ ಮಾಲೀಕರೊಬ್ಬರು ನಕ್ಕರು. "ಅಷ್ಟಗಲ ಪೆಟ್ಟಿಗೆ ಕೂರಿಸಿದ್ರೆ ಚಿತ್ರ ಕೆಟ್ಟುಹೋಗತ್ತೆ ಸಾರ್. ಅದನ್ನ ನೋಡೋರಾದ್ರೂ ಎಷ್ಟು ಜನ?"

ಸಾಹೇಬರು ಗೋಡೆಯ ಟೀವಿಯಲ್ಲಿ ಆ ಮಾಲೀಕರದೇ ವಾಹಿನಿಯ ಬೆಳಗಿನ ವಾರ್ತೆ ಹಾಕಿಸಿ, ಸದ್ದು ತೆಗೆಯುವಂತೆ ನನಗೆ ಕಣ್ಸನ್ನೆ ಮಾಡಿದರು. ಒಂದು ಸೇತುವೆ, ಸಾಲಾಗಿ ನಿಂತ ಅಧಿಕಾರಿಗಳು, ನೆರೆದ ಜನ. ಸಾಹೇಬರು ಮಾಲೀಕರತ್ತ ತಿರುಗಿದರು.

"ಹೇಳಿ ಯಜಮಾನ್ರೇ, ಏನು ವಿಷಯ?"

"ಸೇತುವೆ ಉದ್ಘಾಟನೆ ಇರಬೇಕು."

"ಬಿರುಕು ಬಿಟ್ಟಿದೆಯಂತೆ. ಅದರ ಮೇಲೆ ಕಾಲಿಡಬೇಡಿ ಅಂತಿದಾರೆ. ನಮ್ಮಕ್ಕ ದಿನಾ ಹೀಗೇ ನೋಡೋದು."

ಮಾಲೀಕರು ನೀರಿನ ಲೋಟಕ್ಕೆ ಕೈಹಾಕಿದರು. ನಮ್ಮ ಕಚೇರಿಯ ಅಧ್ಯಕ್ಷರು ಕರಡಿನ ಒಂದಕ್ಷರವನ್ನೂ ಅಲುಗಿಸದೆ ಒಪ್ಪಿದರು.

ನಿಯಮ ಜಾರಿಯಾದ ಮೇಲೆ ಒಂದು ಸಂಜೆ ಅವರ ಮನೆಗೆ ಹೋಗಿದ್ದೆ. ಅಕ್ಕ ಟೀವಿಯಲ್ಲಿದ್ದ ಮಂತ್ರಿಯೊಂದಿಗೆ ಎರಡೂ ಕೈ ಬೀಸಿ ಜಗಳಕ್ಕೆ ನಿಂತಿದ್ದರು. "ನೋಡಿದ್ರಾ, ಹೋದ ಸಲ ನಾನು ಓಟು ಹಾಕಿದವರನ್ನೇ ಹಿಡ್ಕೊಂಡು ಬೈತಾಳೆ. ಮನೇಲಿ ನನಗೆ ಬಾಯಿ ತೆಗೆಯೋಕೇ ಬಿಡಲ್ಲ," ಎಂದು ಸಾಹೇಬರು ದೂರಿದರು; ಮುಖ ಮಾತ್ರ ಅರಳಿತ್ತು.

ಇಂಥವರು ಲೋಕೋದ್ಧಾರದ ಮಾತೆತ್ತುವುದಿಲ್ಲ; ಒಂದು ಸಾಲನ್ನು ಹಿಡಿದು, ಅದು ಸರಿಹೋಗುವತನಕ ಬಿಡುವುದಿಲ್ಲ, ಅಷ್ಟೆ. ನೀರಸವೆಂದು ನಾವು ಮಗುಚಿಹಾಕುವ ನಿಯಮಪುಸ್ತಕದಲ್ಲಿ ಯಾವುದೋ ಒಂದು ಸಾಲು ಯಾರದೋ ಅಕ್ಕನನ್ನು ನೆನೆದು ಬರೆದದ್ದಿರುತ್ತದೆ; ಓದುವವರಿಗೆ ಆ ಅಕ್ಕ ಕಾಣುವುದಿಲ್ಲ, ಸಾಲು ನಾಡಿನ ಅಕ್ಕಂದಿರಿಗೆಲ್ಲ ಸಲ್ಲುತ್ತದೆ.