ಹೊಗೆ ನುಂಗಿದ ಇದ್ದಿಲು

‘ಮುಟ್ಟಬೇಡಿ ಅದನ್ನು!’

ದೇವಾನಂದ ಕೂಗಿದ್ದು ಮನಸ್ಸಿನೊಳಗೆ ಮಾತ್ರ. ಭಾಂಡುಪಿನ ಕಾರ್ಖಾನೆಯ ಹಿಂಬಾಗಿಲಲ್ಲಿ ಮರೆಪ್ಪ ಮತ್ತವನ ಜೊತೆಯ ಕೂಲಿಗಳು ಹಳೆಯ ಇದ್ದಿಲಿನ ಚೀಲಗಳನ್ನು ಹೆಗಲಿಗೇರಿಸಿ ಮನೆಗೆ ಒಯ್ಯುತ್ತಿದ್ದರು. ಈಚೆ ಮಾಲಿನ್ಯ ತಪಾಸಣೆಗೆ ಬಂದ ಅಧಿಕಾರಿ ಚಹಾ ಕುಡಿಯುತ್ತಿದ್ದ.

ಚಿಮಣಿಯ ಹೊಗೆಯನ್ನು ತೆಂಗಿನ ಚಿಪ್ಪಿನ ಇದ್ದಿಲಿನೊಳಗೆ ಹಾಯಿಸುವ ಗೋಪುರ ಕಟ್ಟಿಸಿದ ಎಂಜಿನಿಯರ್ ದೇವಾನಂದನೇ. ಪಾದರಸದ ಆವಿ, ಗಂಧಕ, ಇನ್ನೂ ಏನೇನೋ ಹೊಲಸು ಇದ್ದಿಲಿನ ಸೂಕ್ಷ್ಮ ರಂಧ್ರಗಳಲ್ಲಿ ಅಂಟಿ ಕೂರುತ್ತದೆ. ಅದನ್ನು ಒಲೆಗೆ ಹಾಕಿದರೆ ನುಂಗಿದ್ದನ್ನೆಲ್ಲ ಕಕ್ಕುತ್ತದೆ. ಇಷ್ಟು ಹೇಳಲು ಒಂದು ವಾಕ್ಯ ಸಾಕು. ಆದರೆ ಅಧಿಕಾರಿಯ ಎದುರು ಹೇಳಿದರೆ ವಿಷದ ಕಸ ಹೊರಗೆ ಬಿಟ್ಟದ್ದು ಬಯಲಾಗಿ ನೌಕರಿಗೆ ಎಳ್ಳುನೀರು.

“ಅವರು ಅದರಲ್ಲಿ ಅಡುಗೆ ಮಾಡ್ತಾರೆ,” ಎಂದ, ಮ್ಯಾನೇಜರನ ಕಿವಿಯಲ್ಲಿ.

“ಕಸ ತಾನಾಗಿ ಹೋಗ್ತಾ ಉಂಟಲ್ಲ ಮಾರಾಯ್ರೆ,” ಮ್ಯಾನೇಜರ್ ಪ್ರೀತಮ್ ನಕ್ಕ. “ಸಾಹೇಬ್ರು ಹೋಗಲಿ. ಆಮೇಲೆ ನೋಡುವ.”

ಅಧಿಕಾರಿ ಚಹಾದ ಕಪ್ ಕೆಳಗಿಟ್ಟ. “ಸಬ್ ಠೀಕ್?”

“ಠೀಕ್,” ಎಂದ ದೇವಾನಂದ. ಎಂ.ಟೆಕ್ ಓದಿದ್ದು ಈ ಒಂದು ಮಾತಿಗೆ. ತನ್ನ ಬಾಯಿಗೆ ತಾನೇ ಬಡಿದುಕೊಳ್ಳಬೇಕು ಅನಿಸಿತು.

ಆಮೇಲೆ ಎಂಬುದು ಮೀಟಿಂಗುಗಳಲ್ಲಿ ಕಳೆದು ಸಂಜೆಯಾಯಿತು. ಗೋಡೆಯ ಹಿಂದಿನ ಓಣಿಗೆ ಅವನು ಹೋಗುವಷ್ಟರಲ್ಲಿ ಒಲೆಗಳು ಹತ್ತಿದ್ದವು. ಯಾದಗಿರಿ ಕಡೆಯಿಂದ ಕೂಲಿಗೆ ಬಂದ ಮಂದಿ. ಗ್ಯಾಸು ತುಟ್ಟಿ, ಇದ್ದಿಲು ಪುಕ್ಕಟೆ. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎಂಬ ಗಾದೆ ಹೇಳಿ ನಗುವ ಯೋಗ್ಯತೆ ಅವನಿಗಿರಲಿಲ್ಲ. ಬಾಯಿ ಮುಚ್ಚಿಕೊಂಡಿರುವುದಕ್ಕಲ್ಲದೆ ತಿಂಗಳ ಸಂಬಳ ಅವನಿಗೆ ಮತ್ತೇನಕ್ಕೆ ಬರುತ್ತಿತ್ತು?

“ಆರಸ್ರಿ! ವಿಷ ಅದ ಅದರಾಗ!” ದೇವಾನಂದ ಅವರ ಮಾತಿನಲ್ಲೇ ಕೂಗಿದ.

ಮರೆಪ್ಪನ ಹೆಂಡತಿ ರುದ್ರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಇದ್ದಲಿ ಹೊಗಿ ನುಂಗತದ ಅಂತ ಗೋಪುರ ಕಟ್ಟೋವಾಗ ನೀವೇ ಹೇಳಿದ್ರಲ್ರೀ. ನುಂಗಿದ್ದು ಇಷ್ಟ್ರಾಗ ಅರಗಿರ್ತದ ಬಿಡ್ರಿ.”

“ಅರಗಂಗಿಲ್ಲವಾ! ಅಂಟಿಕೊಂಡ ಕುಂತಿರ್ತದ!”

“ಮುಂಜಾನಿ ಹೊರುವಾಗ ನೋಡಕೋತ ನಿಂತಿದ್ರಿ,” ಮರೆಪ್ಪ ಎದ್ದ. “ಆಗ ವಿಷ ಇರಲಿಲ್ಲೇನ್ರೀ? ಈಗ ಈ ಇದ್ದಲಿ ಮಾರಬೇಕಂತ ಮಾಡೀರೇನು?”

ದೇವಾನಂದನಿಗೆ ಸಿಟ್ಟು ನೆತ್ತಿಗೇರಿತು: ಪ್ರೀತಮನ ಮೇಲೆ, ಈ ಮೂಢರ ಮೇಲೆ, ಎಲ್ಲಕ್ಕಿಂತ ತನ್ನ ನಾಲಗೆಯ ಮೇಲೆ. ಬಾಗಿಲ ಬಳಿಯ ನೀರಿನ ಕೊಡವೆತ್ತಿ ಒಲೆಯ ಮೇಲೆ ಸುರಿದುಬಿಟ್ಟ. ಚುಂಯ್ ಎಂದು ಬೂದಿ ಎದ್ದಿತು. ಹಿಟ್ಟು ನೀರಾಯಿತು. ರುದ್ರವ್ವ ಕೆಮ್ಮುತ್ತಲೇ ಅವನ ಹೆತ್ತವರನ್ನು ಬೈದಳು.

ಅವನು ಪಕ್ಕದ ಮನೆಯತ್ತ ತಿರುಗಿದ.

ಅಲ್ಲಿನ ಹೆಂಗಸು ತನ್ನ ಒಲೆಗೆ ಅಡ್ಡ ಬಂದು ನಿಂತಳು. ಅದರಾಚೆಯವಳೂ ನಿಂತಳು. ಓಣಿಯುದ್ದಕ್ಕೂ ಹೆಂಗಸರು ಕೈ ಅಗಲಿಸಿ, ಕೂಸುಗಳನ್ನು ತಮ್ಮ ಹಿಂದೆ, ಹೊಗೆಯುವ ಒಲೆಯ ಕಡೆಗೆ ತಳ್ಳಿ, ಅವನಿಂದ ತಮ್ಮ ಬೆಂಕಿಯನ್ನು ಕಾಯುತ್ತ ನಿಂತರು.