ಹನ್ನೊಂದನೆಯ ಅಂಬಿಗ

ನಾಗವೇಣಿ ಆ ಆಟ ಕಲಿತದ್ದು ಜಜ್ಜಿದ ಡಬ್ಬಿಗಳಿಂದ. ಕಲ್ಯಾಣದ ಆಚೆ, ಭಿವಂಡಿ ರಸ್ತೆಯ ಒಂದು ಆಟಿಕೆ ಗೋದಾಮಿನಲ್ಲಿ ಅವಳೂ ಅವಳ ತಾಯಿ ಚಂದ್ರಬಾಯಿಯೂ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದರು. ಲಾರಿಯಿಂದ ಇಳಿಸುವಾಗ ಪೆಟ್ಟು ತಿಂದ ಡಬ್ಬಿಗಳನ್ನು ಅಂಗಡಿಯವರು ಮುಟ್ಟುವುದಿಲ್ಲ. ಅವನ್ನು ಕೆಲಸದವರು ಮನೆಗೆ ಒಯ್ಯಬಹುದು ಎಂಬುದು ಅಲ್ಲಿಯ ರೂಢಿ. ಉಳಿದವರು ಗೊಂಬೆಗೋ ಚಾವಿ ಕೊಡುವ ಬಸ್ಸಿಗೋ ಕೈ ಹಾಕಿದರೆ, ಇವಳು ಯಾರಿಗೂ ಬೇಡವಾದ ಕಾರ್ಡಿನ ಪಾಕೀಟುಗಳನ್ನು ಎತ್ತಿಕೊಂಡು ದಿವಾ ಸ್ಟೇಷನ್ನಿನ ಹತ್ತಿರದ ತಮ್ಮ ಒಂದು ಕೋಣೆಯ ಖೋಲಿಗೆ ಬರುತ್ತಿದ್ದಳು. ಆಟದ ಹೆಸರು ಸೆವೆನ್ ಫೋರ್ಟ್ಸ್. ಇಬ್ಬರು ಆಡುವುದು, ತಲೆಗೆ ಏಳು ಕೋಟೆ, ಮೊದಲು ಏಳನ್ನೂ ಕಳೆದುಕೊಂಡವನು ಸೋತ. ಮುನ್ಸಿಪಾಲಿಟಿಯ ಮರಾಠಿ ಶಾಲೆಯಲ್ಲಿ ಹತ್ತನೆಯ ತನಕ ಓದಿದ ಹುಡುಗಿ ಇಂಗ್ಲಿಷಿನ ನಿಯಮದ ಪುಸ್ತಕವನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿಕೊಂಡಳು.

ಗೋದಾಮಿನ ಆಫೀಸಿನಲ್ಲಿ ಆರ್ಡರು ನೋಡುತ್ತಿದ್ದ ಸಮಿತ್, ಉಡುಪಿ ಕಡೆಯ ಮನೆತನದವನು, ಹುಟ್ಟಿ ಬೆಳೆದದ್ದೆಲ್ಲ ಡೊಂಬಿವಲಿಯಲ್ಲಿ. ಊಟದ ಹೊತ್ತಿನಲ್ಲಿ ತಾಯಿಗೆ ಕಾರ್ಡು ತೋರಿಸುತ್ತ ಇವಳು ಕನ್ನಡದಲ್ಲಿ ಏನೋ ವಿವರಿಸುವುದು ಅವನ ಕಿವಿಗೆ ಬಿತ್ತು. ಆಟ ಅವನಿಗೂ ಗೊತ್ತಿತ್ತು, ಅಷ್ಟೇ ಅಲ್ಲ, ಹುಚ್ಚಿತ್ತು. "ನೀನು ಈ ಆಟ ಆಡ್ತೀಯಾ ಮಾರಾಯ್ತಿ? ನಮ್ಮ ಕ್ಲಬ್ಬಿಗೆ ಬಾ," ಎಂದ. 2013ರ ಜೂನಿನಲ್ಲಿ ಒಂದು ಭಾನುವಾರ ಅವಳು ಡೊಂಬಿವಲಿ ಪೂರ್ವದ ಹೌಸಿಂಗ್ ಸೊಸೈಟಿಯೊಂದರ ಹಾಲಿಗೆ ಹೋದಳು. ಮೂವತ್ತು ಜನ ಆಟಗಾರರಲ್ಲಿ ಹೆಣ್ಣು ಅವಳೊಬ್ಬಳೇ.

ಕ್ಲಬ್ಬಿನವರ ಠೀವಿ ನೋಡಬೇಕಿತ್ತು. ಕಾರ್ಡಿಗೆ ಪ್ಲಾಸ್ಟಿಕ್ ಚೀಲ, ಚೀಲಕ್ಕೆ ಡಬ್ಬಿ, ಡಬ್ಬಿಗೆ ಜಿಪ್ಪಿನ ಬ್ಯಾಗು. ಹದಿನಾಲ್ಕು ಜನರ ಹತ್ತಿರ ಸನ್ ಎಂಪರರ್ ಎಂಬ ಹೊಳೆಯುವ ಕಾರ್ಡಿತ್ತು, ಸಿಂಗಾಪುರದಿಂದ ತರಿಸಿದ್ದು, ಒಂದಕ್ಕೆ ಆರು ಸಾವಿರ. ಅದು ಇಳಿದರೆ ಎದುರಾಳಿಯ ಮೂರು ಕೋಟೆ ಒಂದೇ ಏಟಿಗೆ ನೆಲಕ್ಕೆ. ನಾಗವೇಣಿಯ ಕಾರ್ಡುಗಳನ್ನು ನೋಡಿ ಕೆಲವರು ಮೂಗು ಮುರಿದರು.

ಆ ಮೂಗುಗಳನ್ನು ಅವಳು ಚೆನ್ನಾಗಿಯೇ ಜಜ್ಜಿದಳು. ಪ್ರತಿ ಪಾಕೀಟಿನಲ್ಲೂ ಕಸದಂತೆ ಸಿಗುತ್ತಿದ್ದ ಫೆರಿಮ್ಯಾನ್ ಎಂಬ ಕಾರ್ಡು ಅವಳ ಬಂಡವಾಳ. ಅವಳು ಅದನ್ನು ಅಂಬಿಗ ಎನ್ನುತ್ತಿದ್ದಳು. ಆಡಿ ಮುಗಿದ ಕಾರ್ಡುಗಳೆಲ್ಲ ಒಂದು ಗುಡ್ಡೆಗೆ ಹೋಗುತ್ತವೆ. ಅಂಬಿಗ ಅಲ್ಲಿಂದ ಎರಡನ್ನು ಕೈಗೆ ಮರಳಿಸಿ ತಾನು ಗುಡ್ಡೆ ಸೇರುತ್ತಾನೆ. ಎದುರಾಳಿಯ ಒಂದು ಸುತ್ತಿನ ದಾಳಿಯನ್ನು ತಡೆಯುವ ಮಂಜಿನ ಕಾರ್ಡು ಇನ್ನೊಂದಿದೆ, ಅದೂ ಅಗ್ಗದ್ದೇ. ಈ ಅಂಬಿಗ ಮಂಜನ್ನೂ ಇನ್ನೊಬ್ಬ ಅಂಬಿಗನನ್ನೂ ತರುತ್ತಾನೆ, ಮುಂದಿನ ಸುತ್ತಿನಲ್ಲಿ ಆ ಅಂಬಿಗ ಮಂಜನ್ನೂ ಇವನನ್ನೂ ತರುತ್ತಾನೆ. ಹೀಗೆ ಪ್ರತಿ ಸುತ್ತೂ ಮಂಜು. ಆರು ಸಾವಿರದ ಚಕ್ರವರ್ತಿ ಬಿಸಿಲಿಲ್ಲದೆ ನಿಂತಿರುವಾಗ ಅವಳ ಬಿಲ್ಲುಗಾರನೆಂಬ ಬಡ ಕಾರ್ಡು ಸುತ್ತಿಗೊಂದು ಕೋಟೆ ಉರುಳಿಸುತ್ತಿತ್ತು.

ಆ ವರ್ಷ ಹತ್ತು ಭಾನುವಾರಗಳ ಪಂದ್ಯ. ಕೊನೆಗೆ ಯಾರ ಅಂಕ ಹೆಚ್ಚೋ ಅವರು ಕ್ಲಬ್ಬಿನ ಪರವಾಗಿ ದೆಹಲಿಯ ಅಖಿಲ ಭಾರತ ಸ್ಪರ್ಧೆಗೆ. ಒಂದೇ ಜಾಗ. ಆರು ವಾರ ಮುಗಿದಾಗ ನಾಗವೇಣಿ ಮೊದಲಿದ್ದಳು, ಸಮಿತ್ ಎರಡನೆಯವನು. ಗೋದಾಮಿನಲ್ಲಿ ಅವಳಿಗೆ ಹೆಸರೇ ಇರಲಿಲ್ಲ, "ಏ ಪ್ಯಾಕಿಂಗ್‌ವಾಲಿ" ಅಷ್ಟೇ. ದೆಹಲಿಯ ಫಲಕದ ಮೇಲೆ ತನ್ನ ಹೆಸರನ್ನು ಯಾರೋ ಅಪರಿಚಿತರು ತಪ್ಪಿಲ್ಲದೆ ಬರೆಯುವುದನ್ನು ಅವಳು ಲೋಕಲ್ ರೈಲಿನಲ್ಲಿ ನಿಂತು ನಿಂತೇ ಕಲ್ಪಿಸಿಕೊಳ್ಳುತ್ತಿದ್ದಳು. ಅಷ್ಟು ಆಸೆಯನ್ನು ಅವಳು ಬದುಕಿನಲ್ಲಿ ಬೇರೆ ಯಾವುದರ ಮೇಲೂ ಇಟ್ಟಿರಲಿಲ್ಲ.

ಕ್ಲಬ್ಬಿನಲ್ಲಿ ಒಂದು ಪದ್ಧತಿಯಿತ್ತು. ವಾರದ ಪಂದ್ಯ ಗೆದ್ದವರು ತಮ್ಮ ಕಾರ್ಡುಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಹೇಗೆ ಗೆದ್ದೆವೆಂದು ಎಲ್ಲರಿಗೂ ವಿವರಿಸಬೇಕು. ಉಳಿದವರು ವಿವರಿಸುವಾಗ ಒಂದೆರಡು ಗುಟ್ಟು ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತಿದ್ದರು. ಅದು ಎಲ್ಲರಿಗೂ ಗೊತ್ತಿದ್ದ ಕಳ್ಳಾಟ, ನಾಗವೇಣಿಯೊಬ್ಬಳನ್ನು ಬಿಟ್ಟು. ಅವಳು ಎಲ್ಲವನ್ನೂ ಹೇಳಿದಳು. ಹೇಳಿದ್ದು ಸಾಲದೆಂದು ಗೆರೆ ಹಾಳೆಯಲ್ಲಿ ಮರಾಠಿಯಲ್ಲಿ ಬರೆದೂ ಕೊಟ್ಟಳು. ಕಾಲೇಜು ಕಲಿತವರು, ಇಂಗ್ಲಿಷಿನವರು ತನ್ನ ಸುತ್ತ ನಿಂತು ತಲೆಯಾಡಿಸುತ್ತಾರಲ್ಲ, ಆ ಸುಖಕ್ಕೆ ಅವಳು ಬಾಯಿ ಕಟ್ಟಲಿಲ್ಲ. ಸಮಿತನೇ ಹಾಳೆಯನ್ನು ಝೆರಾಕ್ಸ್ ಮಾಡಿಸಿ ಹಂಚಿದ.

ಏಳನೆಯ ಭಾನುವಾರವೂ ಅವಳೇ ಗೆದ್ದಳು. ಮುಂದಿನ ಭಾನುವಾರ ಕ್ಲಬ್ಬಿನ ಕಾರ್ಯದರ್ಶಿ ಮನೀಷ್ ಗೋಡೆಗೆ ಹೊಸ ಬ್ಯಾನ್ ಲಿಸ್ಟ್ ಅಂಟಿಸಿದ. ಮನೀಷನ ಅಪ್ಪ ಅಮ್ಮನೂ ಉಡುಪಿಯವರೇ. ಅವನಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ಆಟ ತಯಾರಿಸುವ ಕಂಪನಿಯದ್ದು ಒಂದು ಪಟ್ಟಿ, ಅದರಲ್ಲಿ ಫೆರಿಮ್ಯಾನ್ ಇರಲಿಲ್ಲ. ಕ್ಲಬ್ಬಿನದೇ ಇನ್ನೊಂದು ಪಟ್ಟಿ. ಅದರಲ್ಲಿ ಅಂದು ಇದ್ದದ್ದು ಒಂದೇ ಹೆಸರು.

"ಯಾಕ್ರೀ ಮನೀಷ್ ಭಾವು, ನನ್ನ ಕಾರ್ಡ್ ಏನ್ ತಪ್ಪ ಮಾಡೇದ?" ಎಂದಳು ನಾಗವೇಣಿ.

"ರೂಲ್ ಹೈ," ಎಂದ ಮನೀಷ್. ಮೂವತ್ತರಲ್ಲಿ ಹತ್ತಕ್ಕಿಂತ ಹೆಚ್ಚು ಜನ ಒಂದೇ ಕಾರ್ಡು ಆಡಿದರೆ ಆಟದ ರುಚಿ ಕೆಡುತ್ತದೆ, ಅದನ್ನು ನಿಷೇಧಿಸಬೇಕು. ಹಿಂದಿನ ವಾರ ಹನ್ನೊಂದು ಜನ ಆಡಿದ್ದರು.

"ಸನ್ ಎಂಪರರ್ ಹದಿನಾಲ್ಕ ಮಂದಿ ಆಡ್ತಾರಲ್ರೀ."

ನಿಯಮ ಅಗ್ಗದ ಕಾರ್ಡುಗಳಿಗೆ ಮಾತ್ರ, ಎಂದ ಅವನು. ಜನ ಆರು ಸಾವಿರ ಸುರಿದು ತರಿಸಿದ ಕಾರ್ಡನ್ನು ಬ್ಯಾನ್ ಮಾಡಿದರೆ ಅವರು ಬಿಡುತ್ತಾರೆಯೇ? ಇದನ್ನು ಅವನು ನ್ಯಾಯಾಧೀಶನಂತೆ ಗಂಭೀರವಾಗಿಯೇ ಹೇಳಿದ. ನಾಚಿಕೆ ಎನ್ನುವುದು ಆ ಹಾಲಿನ ಮೂವತ್ತು ಕುರ್ಚಿಗಳಲ್ಲಿ ಒಂದರ ಮೇಲೂ ಕೂತಿರಲಿಲ್ಲ.

ಆಡುವ ಮೊದಲು ಪ್ರತಿಯೊಬ್ಬರೂ ತಮ್ಮ ನಲವತ್ತು ಕಾರ್ಡುಗಳ ಹೆಸರು ಬರೆದು ಮನೀಷನಿಗೆ ಕೊಡಬೇಕು. ಹಿಂದಿನ ವಾರದ ಆ ಚೀಟಿಗಳ ಫೈಲನ್ನು ನಾಗವೇಣಿ ಕೇಳಿ ಪಡೆದಳು. ಕೊಡದೆ ಇರಲು ಮನೀಷನಿಗೆ ನೆಪ ಹೊಳೆಯಲಿಲ್ಲ. ಅವಳು ನಿಂತೇ ಎಣಿಸಿದಳು. ಹತ್ತು ಜನ ಅವಳಂತೆಯೇ ಆಡಿದವರು: ಮೂರು ಅಂಬಿಗ, ಮೂರು ಮಂಜು. ಅವಳೂ ಆ ಹತ್ತರಲ್ಲಿ ಒಬ್ಬಳು. ಹನ್ನೊಂದನೆಯ ಚೀಟಿಯಲ್ಲಿ ಮೂರು ಸನ್ ಎಂಪರರ್, ಉಳಿದದ್ದೆಲ್ಲ ಚಕ್ರವರ್ತಿಯ ಸೈನ್ಯ, ಮಂಜಿನ ಸುಳಿವೇ ಇಲ್ಲ. ಕಟ್ಟಕಡೆಗೆ ಒಬ್ಬನೇ ಒಬ್ಬ ಅಂಬಿಗ. ಆ ಆಟದಲ್ಲಿ ಅವನಿಗೆ ಲೆಕ್ಕವನ್ನು ಹನ್ನೊಂದು ಮಾಡುವುದು ಬಿಟ್ಟರೆ ಬೇರೆ ಕೆಲಸವೇ ಇರಲಿಲ್ಲ. ಮೇಲೆ ಸಮಿತನ ಹೆಸರು.

ಅವಳು ಚೀಟಿ ಹಿಡಿದು ಅವನ ಮುಂದೆ ನಿಂತಳು. "ಇದೇನ್ರೀ?"

ಸಮಿತ್ ಚೀಟಿಯನ್ನು ನೋಡಿದ, ಅವಳನ್ನು ನೋಡಲಿಲ್ಲ. "ಸುಮ್ನೆ ಟ್ರೈ ಮಾಡಿ ನೋಡಿದ್ದು ಮಾರಾಯ್ತಿ. ನಾನು ಹಾಕದಿದ್ರೂ ಈ ವಾರ ಬೇರೆ ಯಾರಾದ್ರೂ ಹಾಕ್ತಿದ್ರು. ನೀನೇ ಅಲ್ವಾ ಎಲ್ಲರಿಗೂ ಹೇಳಿಕೊಟ್ಟದ್ದು?"

ಆ ಕೊನೆಯ ಮಾತು ಅವಳಿಗೆ ನಾಟಿತು. ಜಗಳ ಮಾಡಲು ಬಾಯಿ ತೆರೆದವಳು ಚೀಟಿಯನ್ನು ಫೈಲಿಗೆ ಮರಳಿಸಿದಳು. ಅದು ಸುಳ್ಳಾಗಿದ್ದರೆ ಒಂದು ಕೈ ನೋಡುತ್ತಿದ್ದಳು.

ಉಳಿದ ಮೂರು ಭಾನುವಾರ ಅವಳು ಬೇರೆ ಬೇರೆ ಕಾರ್ಡು ಜೋಡಿಸಿ ಆಡಿದಳು. ಜಜ್ಜಿದ ಡಬ್ಬಿಯಲ್ಲಿ ಏನು ಸಿಕ್ಕೀತು, ಚಕ್ರವರ್ತಿಯೇ? ಬಿಸಿಲು ಮತ್ತೆ ಚುರುಕಾಯಿತು. ಅಂಬಿಗನನ್ನು ಕಲಿತಿದ್ದ ಉಳಿದವರೂ ಅವನನ್ನು ಕಳೆದುಕೊಂಡರು, ಆದರೆ ಅವರಿಗೆ ಅದೊಂದು ವಾರದ ಗೀಳು, ಮರಳಿ ತಮ್ಮ ಹಳೆಯ ದುಬಾರಿ ಕಾರ್ಡು ತೆಗೆದರು. ಹತ್ತನೆಯ ಭಾನುವಾರ ಸಮಿತ್ ಎರಡು ಅಂಕಗಳಿಂದ ಮುಂದಾದ. ಎಲ್ಲರೂ ಅವನ ಬೆನ್ನು ತಟ್ಟಿದರು. ಅವನು ಕಾರ್ಡು ಹರಡಿ ವಿವರಿಸುತ್ತ, "ನಾಗವೇಣಿಯಿಂದ ತುಂಬಾ ಕಲಿತೆ" ಎಂದು ಹಿಂದಿಯಲ್ಲಿ ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿದ. ನಾಗವೇಣಿ ಚಪ್ಪಾಳೆ ತಟ್ಟಲಿಲ್ಲ, ಎದ್ದು ಸ್ಟೇಷನ್ನಿಗೆ ನಡೆದಳು.

ಹದಿನೈದು ದಿನಗಳ ಮೇಲೆ, ಗೋದಾಮಿನಲ್ಲಿ ಊಟದ ಹೊತ್ತು. ಚಂದ್ರಬಾಯಿ ಕೈ ತೊಳೆಯಲು ಹೋಗಿದ್ದಳು. ಸಮಿತ್ ಒಂದು ನೋಟ್‌ಬುಕ್ ಹಿಡಿದು ಬಂದು ಡಬ್ಬಿಗಳ ರಾಶಿಯ ಮೇಲೆ ಕುಳಿತ. ಸ್ವಲ್ಪ ಹೊತ್ತು ಮಳೆಯ ಮಾತಾಡಿದ, ಆಮೇಲೆ ವಿಷಯಕ್ಕೆ ಬಂದ. ದೆಹಲಿಯಲ್ಲಿ ನಡೆಯುವುದು ಕಂಪನಿಯ ಪಟ್ಟಿ. ಅಲ್ಲಿ ಫೆರಿಮ್ಯಾನ್ ಬ್ಯಾನ್ ಇಲ್ಲ. ಚಕ್ರವರ್ತಿಯನ್ನು ಅಲ್ಲಿ ಎಲ್ಲರೂ ತರುತ್ತಾರೆ, ಹಾಗಾಗಿ ಅವನು ಅವಳ ಆಟವನ್ನೇ ಆಡಲು ನಿಶ್ಚಯಿಸಿದ್ದ.

"ನಿನ್ನ ಹಾಳೆ ಉಂಟು ನನ್ನತ್ರ," ಎಂದ. "ಆದ್ರೆ ಮೊನ್ನೆ ಬಂದ ಹೊಸ ಸೆಟ್‌ನಲ್ಲಿ ಆ ಬರ್ನರ್ ಉಂಟಲ್ಲ, ಗುಡ್ಡೆಯನ್ನೇ ಸುಟ್ಟು ಹಾಕುವವ, ಅವ ಬಂದ್ರೆ ಅಂಬಿಗರ ಗತಿ ಏನು? ನೀನು ಯೋಚನೆ ಮಾಡಿರ್ತಿ, ನಂಗೊತ್ತು. ನಮ್ಮವಳು ಅಂತ ಕೇಳ್ತಾ ಇದ್ದೇನೆ."

ಅವಳು ಯೋಚನೆ ಮಾಡಿದ್ದಳು. ತಾನು ಹೋಗದ ಪಂದ್ಯಕ್ಕಾಗಿ, ಒಂದು ವಾರ, ದಿವಾದಿಂದ ಕಲ್ಯಾಣದವರೆಗೆ ಲೋಕಲ್ಲಿನ ಹೆಂಗಸರ ಬೋಗಿಯಲ್ಲಿ ಜೋತುಬಿದ್ದು ಅದನ್ನೇ ಯೋಚಿಸಿದ್ದಳು. ಉತ್ತರ ಸಿಕ್ಕಿತ್ತು. ಬರ್ನರ್ ಬಂದು ಹೋಗುವವರೆಗೆ ಮೂರನೆಯ ಅಂಬಿಗನನ್ನೂ ಒಂದು ಮಂಜನ್ನೂ ಕೈಯಲ್ಲೇ ಹಿಡಿದಿರಬೇಕು, ಎಷ್ಟೇ ಕಷ್ಟ ಬಂದರೂ ಬಿಡಬಾರದು. ಗುಡ್ಡೆ ಸುಟ್ಟರೂ ಆಟ ಉಳಿಯುತ್ತದೆ. ಇಷ್ಟೇ. ನಾಲಿಗೆಯ ತುದಿಗೆ ಅದು ತಾನಾಗಿ ಬಂತು, ಹೇಳಿಬಿಡುವುದು ಅವಳಿಗೆ ಉಸಿರಾಡಿದಷ್ಟು ರೂಢಿಯಾಗಿತ್ತು.

"ಕೈಯಾಗ ಹಿಡ್ಕೊಂಡ ಕುಂದರಬ್ಯಾಡ್ರಿ," ಎಂದಳು ನಾಗವೇಣಿ. "ಮೂರೂ ಅಂಬಿಗರನ್ನ ಮೊದಲ ಆಡಿಬಿಡ್ರಿ. ಗುಡ್ಡಿ ದೊಡ್ಡದಾದಷ್ಟು ಬರ್ನರ್‌ಗೆ ಕಷ್ಟ."

ಅವಳ ಧ್ವನಿ ಅಲುಗಲಿಲ್ಲ. ಅದಕ್ಕೆ ಅವಳಿಗೇ ಅಚ್ಚರಿಯಾಯಿತು. ಸೇಡು ತೀರಿದ ಸಂತೋಷಕ್ಕಾಗಿ ಒಳಗೆಲ್ಲ ಹುಡುಕಿದಳು, ಎಲ್ಲೂ ಸಿಗಲಿಲ್ಲ. ಈ ಆಟದ ಬಗ್ಗೆ ಅವಳು ಇದುವರೆಗೆ ಯಾರಿಗೂ ಒಂದು ಸುಳ್ಳು ಹೇಳಿದವಳಲ್ಲ.

ಸಮಿತ್ ತಲೆ ಬಗ್ಗಿಸಿ ಅಕ್ಷರ ಅಕ್ಷರ ಬರೆದುಕೊಂಡ. ಬರೆದದ್ದನ್ನು ಓದಿ ಹೇಳಿದ. "ಮೂರನ್ನೂ ಮೊದಲೇ ಆಡೋದು. ಸರಿಯಾ?"

"ಸರಿ ಅದ," ಎಂದು ಅವಳು ಟೇಪು ಎತ್ತಿಕೊಂಡು ಮುಂದಿನ ಡಬ್ಬಿಗೆ ಹಚ್ಚತೊಡಗಿದಳು.